ಮೊದಲು ನೆಲದ ಮೇಲೆ

೫ ಅಕ್ಟೋಬರ್ ೧೯೯೭, ಭಾನುವಾರ. ಚನ್ನರಾಯಪಟ್ಟಣ.

ಕಣ್ಣಾರೆ ಕಂಡರೂ ನಂಬಿಕೆ ಬರುತ್ತಿಲ್ಲ. ಹಾಸನದ ಹಾಲಿನ ಡೇರಿ ಆಫೀಸಿನ ಕಂಪ್ಯೂಟರಿನಲ್ಲಿ ಯಾವ ಲಾರಿ ಯಾವಾಗ ಎಲ್ಲಿಗೆ ಹೋಗಬೇಕೆಂದು ಹೇಳುವ ಫೈಲನ್ನು ಪ್ರತಿ ಭಾನುವಾರ ಮರುಜೋಡಿಸಬೇಕು. ಕತ್ತಲಾಗುವವರೆಗೂ ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಫೈಲು ಕೆಟ್ಟು, ಸೋಮವಾರ ಹಾಲಿನ ಲಾರಿಗಳು ದಾರಿ ತಿಳಿಯದೆ ನಿಲ್ಲುತ್ತವೆ. ವರ್ಷಗಟ್ಟಲೆ ಜೀವ ಕೈಯಲ್ಲಿ ಹಿಡಿದುಕೊಂಡು ಕಾದಿದ್ದೇನೆ.

ಇವತ್ತು, ಹೊಸದಾಗಿ ಸೇರಿದ ಶ್ರೀಗೌರಿ, ನನ್ನ ಪ್ರೋಗ್ರಾಂ ಒಂದೊಂದು ದಾಖಲೆ ಸೇರಿಸುವಾಗಲೂ ಫೈಲಿನಲ್ಲಿರುವುದನ್ನೆಲ್ಲ ಸರಿಸುವುದನ್ನು ನೋಡಿ, "ಬೊಂಬೆ ಕೂರಿಸೋವಾಗ ಒಂದೊಂದು ಬೊಂಬೆಗೂ ಮೆಟ್ಟಿಲ ಮೇಲಿರೋದನ್ನೆಲ್ಲ ಸರಿಸ್ತೀರಾ ಸಾರ್? ಮೊದ್ಲು ನೆಲದ ಮೇಲೆ ಸಾಲಾಗಿ ಜೋಡಿಸ್ಕೊಂಡು ಆಮೇಲೆ ಮೇಲಿಡಲ್ವಾ?" ಅಂದಳು. ಹಾಗೇ ಬದಲಿಸಿದೆವು: ಮೊದಲು ಎಲ್ಲವನ್ನೂ ಕ್ರಮಕ್ಕೆ ತಂದುಕೊಂಡು, ಆಮೇಲೆ ಹೊಸ ಫೈಲಿಗೆ ಒಂದೇ ಸಲ ಬರೆಯುವುದು. ಕಾಫಿ ಆರುವ ಮೊದಲೇ ಮುಗಿಯಿತು!

"ಏನೋ ಕೆಟ್ಟೋಗೈತೆ ಕಣ್ರೀ," ಅಂದರು ಮ್ಯಾನೇಜರ್ ರವೀಂದ್ರ. ಹುಡುಕಿ ಹುಡುಕಿ ನೋಡಿದೆವು. ಒಂದು ದಾಖಲೆಯೂ ತಪ್ಪಿರಲಿಲ್ಲ.

ಬಿಸಿಲಿರುವಾಗಲೇ ಮನೆಗೆ ಬಂದವನನ್ನು ಕಂಡು ಅಮ್ಮ ಗಾಬರಿಯಾದಳು. "ಯಾಕೋ, ಕೆಲಸದಿಂದ ತೆಗೆದುಬಿಟ್ರೇನೋ?"

ಈಗ ಎದುರಿಗೆ ನಮ್ಮ ಮನೆಯ ಬೊಂಬೆಗಳು ಕೂತಿವೆ. ಪ್ರತಿ ವರ್ಷ ಅಮ್ಮ ಇವನ್ನು ನೆಲದ ಮೇಲೆ ಎತ್ತರ ನೋಡಿ ಸಾಲಾಗಿಡುತ್ತಾಳೆ. ಆ ಸಾಲಿನಿಂದ ಒಂದೊಂದನ್ನೇ ಎತ್ತಿ ಅವಳ ಕೈಗೆ ಕೊಡುತ್ತ ಬಂದವನು ನಾನೇ.