ಅತ್ತೆಯ ಕೆಮ್ಮು

ಬಳ್ಳಾರಿ, ಇಸವಿ ೨೨೧೯, ನಮ್ಮ ಲೆಕ್ಕದ ಹದಿಮೂರನೆಯ ತಿಂಗಳು

ಹಿಂದಿನವರಿಗೆ,

ನನ್ನ ಮಾತು ಒರಟಾಗಿ ಕೇಳಿಸಿದರೆ ಮನ್ನಿಸಿ. ಇದು ನಿಮ್ಮ ಕಾಲದ ಕನ್ನಡ, ಕಲಿತು ಬರೆಯುತ್ತಿದ್ದೇನೆ. ನಮ್ಮ ಮನೆಗಳ ಸೂರಿನಲ್ಲಿ ಉಸಿರುಗಾವಲು ಇರುತ್ತದೆ. ಒಳಗಿನ ಗಾಳಿಯಲ್ಲಿ ಕ್ಷಯದ ಸುಳಿವು ಸಿಕ್ಕರೆ ಅದೇ ತಿಳಿಸುತ್ತದೆ. ನಿಮ್ಮಲ್ಲಿ ಅದನ್ನು ಮನುಷ್ಯರೇ ಬಾಯಿಬಿಟ್ಟು ಹೇಳಬೇಕಿತ್ತು. ಅದೆಷ್ಟು ಕಷ್ಟವೆಂಬುದನ್ನು ನಮ್ಮ ಮನೆತನದ ಹಿರಿಯಳು ಹೊನ್ನೂರಮ್ಮನ ಕಥೆಯಿಂದ ಬಲ್ಲೆ.

ಆಕೆ ನಿಮ್ಮ ಕಾಲದಲ್ಲಿ ಇದೇ ಊರಿನಲ್ಲಿ ಜೀನ್ಸ್ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತನಗೂ ಎಚ್‌ಐವಿ ಇದೆಯೆಂದು ಗೊತ್ತಾಯಿತು. ಅತ್ತೆ ತಿಪ್ಪಮ್ಮ ಸೊಸೆಯನ್ನು ಹೊರಹಾಕಲಿಲ್ಲ. ತಟ್ಟೆ, ಲೋಟ ಬೇರೆ ಮಾಡಿದಳು. ಮಲಗುವುದು ಮಾತ್ರ ಇಬ್ಬರೂ ಒಂದೇ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು.

ಎಚ್‌ಐವಿಯ ಮಾತ್ರೆ ಕೊಡುವಾಗಲೆಲ್ಲ ಆಸ್ಪತ್ರೆಯ ನರ್ಸ್ ಸುಲೋಚನಾ ಕೇಳುತ್ತಿದ್ದಳು: “ಜ್ವರ ಬಂದಿತ್ತೇನು? ಮನ್ಯಾಗ ಯಾರಾದ್ರೂ ಕೆಮ್ತಾರೇನು?”

“ಯಾರಿಲ್ರಿ,” ಎನ್ನುತ್ತಿದ್ದಳು ಹೊನ್ನೂರಮ್ಮ. ಅತ್ತೆ ವಾರಗಟ್ಟಲೆಯಿಂದ ಕೆಮ್ಮುತ್ತಿದ್ದಳು. ಹೇಳಿದರೆ, ರೋಗ ತಂದವಳು ನೀನೇ ಎಂದು ಮನೆ ಬಿಡಿಸಿಯಾಳೆಂಬ ಅಂಜಿಕೆ.

ಒಮ್ಮೆ, ಆಸ್ಪತ್ರೆಯ ಬೆಂಚಿನಲ್ಲಿ ಪ್ರತಿ ಸಲ ಆಕೆಯ ಪಕ್ಕಕ್ಕೆ ಕೂರುತ್ತಿದ್ದ ಹೆಂಗಸು ಬರಲಿಲ್ಲ. ಎಚ್‌ಐವಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದವಳನ್ನು ಕ್ಷಯ ಕೊಂಡೊಯ್ದಿತ್ತು. ಅಂದು ಹೊರಟಿದ್ದ ಹೊನ್ನೂರಮ್ಮ ಬಾಗಿಲಿನಿಂದ ತಿರುಗಿ ಬಂದಳು.

“ನಮ್ಮತ್ತಿ ಕೆಮ್ತಾಳ್ರಿ. ಭಾಳ ದಿನ ಆತು.”

ಕಫ ಪರೀಕ್ಷೆಯಲ್ಲಿ ತಿಪ್ಪಮ್ಮನಿಗೆ ಕ್ಷಯವೆಂದು ಬಂತು, ಅದರ ಮಾತ್ರೆ ಕೊಟ್ಟರು. ಸೊಸೆಯಲ್ಲಿ ರೋಗ ಕಾಣಲಿಲ್ಲ. ಅವಳಿಗೆ ಅದು ಬಾರದಂತೆ ತಡೆಯುವ ಮಾತ್ರೆ ಶುರುಮಾಡಿದರು. ಸುಲೋಚನಾ ಮನೆಗೇ ಬಂದು ಮುದುಕಿಗೆ ಬಿಡಿಸಿ ಹೇಳಿದಳು: “ಕೂಡಿ ಉಂಡ್ರ ಇಕಿ ರೋಗ ನಿನಗ ಬರಂಗಿಲ್ಲಮ್ಮಾ. ಆದ್ರ ಇಕಿ ಮೈಯಾಗ ತಡಕೊಳ್ಳೋ ಶಕ್ತಿ ಕಡಿಮಿ. ನಿನ್ನ ಕೆಮ್ಮು ಇಕಿ ಜೀವಕ್ಕ ಕುತ್ತು.”

ತಿಪ್ಪಮ್ಮ ಸೊಸೆಯತ್ತ ಕೈ ತೋರಿದಳು.

“ನಾ ಇಕಿಗೆ ಅಂಜಿ ಕುಂತಿದ್ದೆ. ಇಕಿ ನನಗ ಅಂಜಬೇಕಿತ್ತಾ?”

ಅಂದೇ ಸಂಜೆ ಮಂಚವನ್ನು ತಾನೇ ಎಳೆದು ಹೊರಗಿನ ಚಪ್ಪರದಡಿ ಹಾಕಿಕೊಂಡಳು. ಸೊಸೆ ಬೇಡವೆಂದರೂ ಕೇಳಲಿಲ್ಲ.

ಇಬ್ಬರೂ ಮಾತ್ರೆ ಬಿಡಲಿಲ್ಲ. ಚಳಿ ಕಳೆದು ಬಿಸಿಲು ಏರಿದಾಗ, ಕಫದಲ್ಲಿ ಇನ್ನೇನೂ ಇಲ್ಲವೆಂದು ಆಸ್ಪತ್ರೆಯವರು ಹೇಳಿದರು. ತಿಪ್ಪಮ್ಮ ತನ್ನದೇ ಮನೆಯ ಹೊಸ್ತಿಲಲ್ಲಿ ನಿಂತು, “ಒಳಗ ಬರ್ಲೇನವಾ?” ಎಂದು ಕೇಳಿದಳಂತೆ. ಹೊನ್ನೂರಮ್ಮ ಹೊರಗೆ ಬಂದು ಮಂಚದ ಒಂದು ತುದಿ ಹಿಡಿದಳು.

ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಮನೆಯಲ್ಲಿ ಯಾರಾದರೂ ಬಿಡದೆ ಕೆಮ್ಮುತ್ತಿದ್ದರೆ, ಕೇಳಿದವರಿಗೆ ಹೇಳಿಬಿಡಿ. ಬೈಗುಳ ಬಿದ್ದರೂ ಹೇಳಿ. ಬೈದವರೂ ಬದುಕಲಿ.

ಇನ್ನೂ ಹುಟ್ಟದ,
ನೀಲಾಂಬೆ