ಶ್ಯಾವಿಗೆ ಒರಳು ಸಿಕ್ಕಿತು

ಉಚ್ಚಂಗೆಮ್ಮ,

ನನ್ನ ಮರೆವು ಈಗ ಎಷ್ಟೋ ಕಡಿಮೆಯಾಗಿದೆ. "ದಿನಾ ನಡೀರಿ, ಹೊತ್ತಿಗೆ ಸರಿಯಾಗಿ ಮಲಗ್ರಿ, ನಡೆಯುವಾಗ ಹಳೇದನ್ನ ಒಂದೊಂದಾಗಿ ನೆನೆಸ್ಕೊಳ್ರಿ" ಅಂದಿದ್ದರು ಡಾಕ್ಟರಮ್ಮ. ಮೂರು ತಿಂಗಳಿಂದ ಬೆಳಗ್ಗೆ ಸಂತೇಬೆನ್ನೂರಿನ ಹೊಂಡಕ್ಕೆ ನಾಲ್ಕು ಸುತ್ತು ಹಾಕುತ್ತಿದ್ದೇನೆ. ನಿದ್ದೆ ಚೆನ್ನಾಗಿ ಬರುತ್ತದೆ. ಸೊಸೆಯ ಮೇಲೆ ರೇಗುವುದೂ ನಿಂತಿದೆ.

ಇವತ್ತು ಮೂರನೇ ಸುತ್ತಿನಲ್ಲಿ, ನಾವಿಬ್ಬರೂ ಕೊನೆಯ ಸಲ ನಿನ್ನ ಮನೆಯಲ್ಲಿ ಶ್ಯಾವಿಗೆ ಒತ್ತಿದ ಬೇಸಿಗೆ ನೆನಪಾಯಿತು. ನೀನು ನನ್ನ ಹಿತ್ತಾಳೆ ಒರಳನ್ನು ತೊಳೆದು, ಒರೆಸಿ, ಕೈಗೇ ತಂದುಕೊಟ್ಟಿದ್ದೆ. ಓಣಿಯವರೆಲ್ಲ ಎರವಲು ಕೇಳುತ್ತಾರೆಂದು ನಾನೇ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಟ್ರಂಕಿನಲ್ಲಿ ಬಚ್ಚಿಟ್ಟಿದ್ದೆ. ಮನೆಗೆ ಬಂದು ಟ್ರಂಕು ಇಳಿಸಿ ನೋಡಿದರೆ, ಇಟ್ಟ ಹಾಗೇ ಇತ್ತು.

"ಅತ್ತೇ, ಒರಳು ಇಲ್ಲೇ ಐತಲ್ಲ! ಉಚ್ಚಂಗೆಮ್ಮನೋರು ವಾಪಸ್ ಕೊಟ್ಟಿಲ್ಲ ಅಂತಿದ್ರಿ?" ಎಂದಳು ಸೊಸೆ. ನಾನು ಹುಣಸೆಹಣ್ಣು ಹಚ್ಚಿ ಒರಳು ತಿಕ್ಕುತ್ತಾ ಕೂತೆ. ನೀನು ನಮ್ಮ ಓಣಿಯ ನಲ್ಲಿಗೆ ಬರುವುದನ್ನು ಬಿಟ್ಟು ಆರು ವರ್ಷವಾಯಿತು.

ಒರಳು ಈಗ ಬಂಗಾರದ ಹಾಗೆ ಹೊಳೆಯುತ್ತಿದೆ.

ನಿನಗೆ ಓದಲು ಬರುವುದಿಲ್ಲ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆದೆ. ನಾಳೆ ಹೊಂಡಕ್ಕೆ ನಿನ್ನ ಮನೆ ಮುಂದಿನಿಂದಲೇ ಹೋಗುತ್ತೇನೆ, ಒರಳನ್ನು ಕಂಕುಳಲ್ಲಿ ಇಟ್ಟುಕೊಂಡು, ಎಲ್ಲರಿಗೂ ಕಾಣುವ ಹಾಗೆ.