ದೂರು ವಾಪಸ್ ಪಡೆಯಬೇಡಿ

ಹೊಲಿಗೆ ಅಂಗಡಿಯ ಅಕ್ಕನವರಿಗೆ ನಮಸ್ಕಾರ.

ಬೆಳಗಿನಿಂದ ಇದು ನಾಲ್ಕನೇ ಹಾಳೆ. ಮೊದಲ ಮೂರನ್ನು ಹರಿದು ಹಾಕಿದೆ. ನಿನ್ನೆ ನಮ್ಮ ತಾಯಿ ನಿಮ್ಮ ಅಂಗಡಿಗೆ ಬಂದು ಅತ್ತರಂತೆ. ನೀವು, "ಹೋಗ್ಲಿ ಬಿಡಿ ಅಮ್ಮ, ನಿಮ್ಮ ಮಗನ ಮೇಲಿನ ದೂರು ವಾಪಸ್ ತಗೋತೀನಿ" ಅಂದಿರಂತೆ. ನಿಜ ಹೇಳುತ್ತೇನೆ, ಅದನ್ನು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಆದರೆ ಆ ನೆಮ್ಮದಿ ಊಟದ ಹೊತ್ತಿನವರೆಗೂ ಉಳಿಯಲಿಲ್ಲ.

ಕಟ್ಟಡದ ಮಾಲೀಕರು ನಿಮ್ಮಿಂದ ಅಂಗಡಿ ಬಿಡಿಸಲು ಹೂಡಿದ ದಾವೆಯಲ್ಲಿ, ನಿಮ್ಮ ವಕೀಲನಾದ ನಾನು ಮೂರು ಸಲ ನ್ಯಾಯಾಲಯಕ್ಕೆ ಹೋಗಲಿಲ್ಲ. ತೀರ್ಪು ನಿಮ್ಮ ವಿರುದ್ಧ ಬಂತು. ನೀವು ಕೇಳಿದಾಗಲೆಲ್ಲ, "ಕೇಸು ನಡೀತಿದೆ ಅಕ್ಕ, ಚಿಂತೆ ಮಾಡ್ಬೇಡಿ" ಎಂದು ಒಂದೂವರೆ ವರ್ಷ ಸುಳ್ಳು ಹೇಳಿದೆ. ಬಾಗಿಲಿಗೆ ನೋಟೀಸು ಅಂಟಿಸಿದಾಗಲೇ ನಿಮಗೆ ಗೊತ್ತಾದದ್ದು. ಅಷ್ಟರಲ್ಲಿ ಮೇಲ್ಮನವಿಯ ಗಡುವೂ ಮುಗಿದಿತ್ತು.

ತಡವಾದದ್ದು ವಕೀಲನ ತಪ್ಪಿನಿಂದ ಎಂದು, ನೀವು ದೂರು ಕೊಟ್ಟಿರುವ ವಕೀಲರ ಪರಿಷತ್ತಿನ ಶಿಸ್ತು ಸಮಿತಿ ಬರೆದುಕೊಟ್ಟರೆ ಮೇಲಿನ ನ್ಯಾಯಾಲಯ ನಿಮ್ಮ ಮನವಿಯನ್ನು ಕೇಳಬಹುದು. ದೂರು ವಾಪಸ್ ಪಡೆದರೆ ನನ್ನ ಕರಿ ಕೋಟು ಉಳಿಯುತ್ತದೆ, ನಿಮ್ಮ ಅಂಗಡಿ ಹೋಗುತ್ತದೆ. ಅಮ್ಮ ಇದನ್ನು ನಿಮಗೆ ಹೇಳಿಲ್ಲ. ಅವರಿಗೆ ನಾನೇ ಹೇಳಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಸಮಿತಿಯ ವಿಚಾರಣೆಗೆ ತಪ್ಪದೆ ಬನ್ನಿ. ಈ ಪತ್ರವನ್ನೇ ಸಮಿತಿಯ ಕೈಗೆ ಕೊಡಿ. ಅಮ್ಮ ಮತ್ತೆ ಬಂದರೆ ಕೂರಿಸಿ ನೀರು ಕೊಡಿ, ದೂರು ವಾಪಸ್ ಪಡೆಯುವ ಕಾಗದಕ್ಕೆ ಸಹಿ ಮಾತ್ರ ಹಾಕಬೇಡಿ. ಮನವಿಗೆ ಒಬ್ಬ ವಕೀಲೆಯನ್ನು ಗೊತ್ತುಮಾಡಿದ್ದೇನೆ. ಅವರು ನನ್ನ ಹಾಗಲ್ಲ, ಹೇಳಿದ ದಿನ ಬರುತ್ತಾರೆ.

ಇಂತಿ,
ಸೋಮವಾರದವರೆಗೆ ಮಾತ್ರ
ವಕೀಲ